ಪುಟ್ಟನಿಗೆ ವಯಸ್ಸಾದಾಗ: ಕನ್ನಡ ಕಥನ ಮತ್ತು ಕಥೆಯಾಗದ ದಿನಚರಿ

ತ್ರಿವೇಣಿಯವರ 'ಶರಪಂಜರ'ದ ಕಾವೇರಿಯನ್ನು ಕನ್ನಡದ ಓದುಗರು ಮರೆತಿಲ್ಲ. ಹೆರಿಗೆಯ ನಂತರ ಅವಳ ಮನಸ್ಸಿನ ಸಮತೋಲ ತಪ್ಪುತ್ತದೆ. ಆಸ್ಪತ್ರೆ ಸೇರುತ್ತಾಳೆ, ವಾಸಿಯಾಗಿ ಮನೆಗೆ ಬರುತ್ತಾಳೆ. ಮನೆ ಮಾತ್ರ ಅವಳನ್ನು ನಂಬುವುದಿಲ್ಲ, ಆ ಅಪನಂಬಿಕೆಯೇ ಅವಳನ್ನು ಮತ್ತೆ ಕೆಡವುತ್ತದೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಸಿನಿಮಾ ಮಾಡಿದ ಮೇಲೆ, ಕಲ್ಪನಾ ಅವರ ಅಭಿನಯದ ಮೂಲಕ, ಕಾದಂಬರಿ ಓದದವರಿಗೂ ಕಾವೇರಿ ಪರಿಚಯವಾದಳು. ಮಾನಸಿಕ ಕಾಯಿಲೆಯಿಂದ ಎದ್ದು ಬಂದವರನ್ನು ನಾವು ಹೇಗೆ ನೋಡುತ್ತೇವೆ ಎಂಬ ಪ್ರಶ್ನೆಯನ್ನು ಇಷ್ಟು ಜನರ ಮನೆಯೊಳಗೆ ತಂದಿಟ್ಟ ಕನ್ನಡ ಕೃತಿಗಳು ಕಡಿಮೆ.

ಈ ಕಥೆಗೆ ಒಂದು ಆಕಾರವಿದೆ. ಕಾಯಿಲೆಗೆ ಮುಂಚಿನ ಒಬ್ಬ ಕಾವೇರಿ ಇದ್ದಾಳೆ: ಚೆಲುವೆ, ಮಾತುಗಾತಿ, ಗಂಡನಿಗೆ ಬೇಕಾದವಳು. ಆಮೇಲೆ ಬೀಳು, ಚೇತರಿಕೆ, ಮತ್ತೆ ಬೀಳು. ನಾವು ಅಳುವುದು ಮೊದಲಿನ ಕಾವೇರಿಗಾಗಿ. ಹಾಗಾದರೆ 'ಮೊದಲು' ಎಂಬುದೇ ಇಲ್ಲದವರ ಕಥೆಯನ್ನು ಹೇಳುವುದು ಹೇಗೆ? ಹುಟ್ಟಿನಿಂದಲೇ ನಿಧಾನವಾಗಿ ಕಲಿತವರು, ಮಾತು ಕಡಿಮೆ ಇರುವವರು, ನಲವತ್ತರ ವಯಸ್ಸಿನಲ್ಲೂ ಸ್ನಾನಕ್ಕೆ ಇನ್ನೊಬ್ಬರ ಕೈ ಬೇಕಾದವರು, ಅಂದರೆ ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಎಂದೆಲ್ಲ ಇಂದು ನಾವು ಹೆಸರಿಸುವ ಸ್ಥಿತಿಗಳಲ್ಲಿ ಬದುಕುತ್ತಿರುವವರು, ನಮ್ಮ ಕಥನದಲ್ಲಿ ಎಲ್ಲಿದ್ದಾರೆ? ನನ್ನ ಸಂಶೋಧನೆಯ ಓದಿನ ಅಂಚಿನಲ್ಲಿ ಈ ಪ್ರಶ್ನೆ ಕೆಲವು ವರ್ಷಗಳಿಂದ ಕೂತಿದೆ. ನನಗೆ ಸಿಕ್ಕ ಉತ್ತರ ಸಾಹಿತ್ಯದಾಚೆಗೂ ಚಾಚಿಕೊಂಡಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕನ್ನಡದ 'ಹುಚ್ಚು' ಎಂಬ ಮಾತು ಕಾಯಿಲೆಯನ್ನೂ ಬೆಳವಣಿಗೆಯ ವಿಕಲತೆಯನ್ನೂ ಒಂದೇ ಚೀಲಕ್ಕೆ ಹಾಕುತ್ತದೆ. ಕಾನೂನೂ ಬಹಳ ಕಾಲ ಹಾಗೇ ಮಾಡಿತ್ತು. 1912ರ ಭಾರತೀಯ ಲೂನಸಿ ಕಾಯ್ದೆಯಲ್ಲಿ ಬುದ್ಧಿ ಬೆಳೆಯದವರೂ ಚಿತ್ತ ಕೆಟ್ಟವರೂ ಒಂದೇ ವ್ಯಾಖ್ಯೆಯೊಳಗಿದ್ದರು. 1987ರ ಮಾನಸಿಕ ಆರೋಗ್ಯ ಕಾಯ್ದೆ ಇವರನ್ನು ಬೇರೆ ಮಾಡಿತು. ಆದರೂ 2001ರ ಜನಗಣತಿಯ ವಿಕಲತೆಯ ಪಟ್ಟಿಯಲ್ಲಿ 'ಮಾನಸಿಕ' ಎಂಬ ಒಂದೇ ಕಾಲಂ ಇತ್ತು. 2011ರಲ್ಲಿ ಅದು ಎರಡಾಯಿತು. ಆ ಗಣತಿಯ ಪ್ರಕಾರ ದೇಶದಲ್ಲಿ ಬೌದ್ಧಿಕ ವಿಕಲತೆಯವರು ಸುಮಾರು 15 ಲಕ್ಷ. ಆಗಲೂ ಆಟಿಸಂಗಾಗಲಿ ಸೆರೆಬ್ರಲ್ ಪಾಲ್ಸಿಗಾಗಲಿ ಸ್ವಂತ ಕಾಲಂ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸಿದ ಮೇಲೆ ಆಟಿಸಂ ಆ ಪಟ್ಟಿಗೆ ಬಂತು.

ನಮ್ಮ ಗಾಂಪರ ಗುಂಪಿನ ಕಥೆ ಇಲ್ಲಿ ನೆನಪಾಗುತ್ತದೆ. ಹೊಳೆ ದಾಟಿದ ಶಿಷ್ಯರು ತಮ್ಮನ್ನು ತಾವೇ ಎಣಿಸಿಕೊಳ್ಳುತ್ತಾರೆ. ಎಣಿಸುವವನು ತನ್ನನ್ನು ಬಿಡುತ್ತಾನೆ, ಲೆಕ್ಕದಲ್ಲಿ ಒಬ್ಬ ಕಡಿಮೆ ಬೀಳುತ್ತಾನೆ, ಎಲ್ಲರೂ ಕೂತು ಅಳುತ್ತಾರೆ. ಗಾಂಪರ ಪೆದ್ದುತನಕ್ಕೆ ಮಕ್ಕಳಾಗಿದ್ದಾಗಿನಿಂದ ನಕ್ಕಿದ್ದೇವೆ. ಆದರೆ ಅವರು ಒಬ್ಬ ಕಡಿಮೆಯಾದನೆಂದು ಅತ್ತರು. ಬುದ್ಧಿವಂತರ ಗಣತಿಯಲ್ಲಿ ಕಾಲಂ ಇಲ್ಲದೆ ಬಿಟ್ಟುಹೋದವರಿಗಾಗಿ ಅತ್ತವರು ಅವರವರ ಮನೆಯವರಷ್ಟೇ.

ಕನ್ನಡ ಪರಂಪರೆ ಲೋಕದ ಜಾಣತನ ಇಲ್ಲದವರಿಗೆ ಒಂದು ಗೌರವದ ಸ್ಥಾನವನ್ನೂ ಇಟ್ಟಿದೆ. ಅದು 'ಮುಗ್ಧ'ರ ಸ್ಥಾನ. ಹರಿಹರನ ರಗಳೆಯ ಕೋಳೂರು ಕೊಡಗೂಸು ಅಪ್ಪ ಹೇಳಿದಂತೆ ಗುಡಿಗೆ ಹಾಲು ಒಯ್ಯುತ್ತಾಳೆ. ಶಿವ ನಿಜವಾಗಿಯೂ ಕುಡಿಯುತ್ತಾನೆಂದೇ ಅವಳು ತಿಳಿದಿದ್ದಾಳೆ. ಕುಡಿಯದಿದ್ದಾಗ ಅಳುತ್ತಾಳೆ, ಹಟ ಹಿಡಿಯುತ್ತಾಳೆ, ಕೊನೆಗೆ ಶಿವ ಕುಡಿಯಬೇಕಾಗುತ್ತದೆ. ರುದ್ರಪಶುಪತಿಯದೂ ಅದೇ ಜಾತಿಯ ಮನಸ್ಸು. ಶಿವ ವಿಷ ಕುಡಿದ ಪುರಾಣವನ್ನು ಕೇಳಿ, ಅದು ಈಗಷ್ಟೇ ನಡೆದ ಸಂಗತಿಯೆಂಬಂತೆ ಕಂಗಾಲಾಗಿ, ಉಗುಳದಿದ್ದರೆ ಪ್ರಾಣ ಬಿಡುತ್ತೇನೆ ಎನ್ನುತ್ತಾನೆ. ಮಾತನ್ನು ಅಕ್ಷರಶಃ ತೆಗೆದುಕೊಳ್ಳುವ ಮನಸ್ಸನ್ನು ಇಷ್ಟು ಪ್ರೀತಿಯಿಂದ ಬರೆದದ್ದು ಸಣ್ಣ ಸಂಗತಿಯಲ್ಲ. ಇವರಿಗೆ ಇಂದಿನ ವೈದ್ಯಕೀಯ ಹೆಸರುಗಳನ್ನು ಅಂಟಿಸುವುದು ನನ್ನ ಉದ್ದೇಶವಲ್ಲ, ಅದು ಕೆಟ್ಟ ಓದಾಗುತ್ತದೆ. ನಾನು ನೋಡುತ್ತಿರುವುದು ಆ ಗೌರವಕ್ಕೆ ಹಾಕಿರುವ ಷರತ್ತುಗಳನ್ನು. ಒಂದು, ಮುಗ್ಧತೆಯನ್ನು ಪವಾಡವೊಂದು ದೃಢೀಕರಿಸಬೇಕು. ಶಿವ ಹಾಲು ಕುಡಿಯದೇ ಹೋಗಿದ್ದರೆ ಆ ಹುಡುಗಿ ಊರಿನವರ ಕಣ್ಣಿಗೆ ಪೆದ್ದಿಯಾಗಿಯೇ ಉಳಿಯುತ್ತಿದ್ದಳು. ಎರಡು, ಪವಾಡದ ನಂತರ ಅವಳು ಇಲ್ಲಿರುವಂತಿಲ್ಲ. ಕೊಡಗೂಸು ಲಿಂಗದಲ್ಲಿ ಐಕ್ಯಳಾಗುತ್ತಾಳೆ. ಅವಳು ಮೂವತ್ತು ದಾಟಿ, ಅಪ್ಪ ಮುದುಕನಾಗಿ, ಹಾಲು ಕಾಯಿಸುವವರು ಯಾರು ಎಂಬ ಪ್ರಶ್ನೆ ಆ ಮನೆಯಲ್ಲಿ ಹುಟ್ಟುವುದೇ ಇಲ್ಲ. ಇಂದು 'ದೇವರ ಮಕ್ಕಳು' ಎಂದು ನಾವು ಭಕ್ತಿಯಿಂದ ಹೇಳುವಾಗ ಈ ಎರಡೂ ಷರತ್ತುಗಳು ಆ ಮಾತಿನೊಳಗೆ ಇರುತ್ತವೆ.

ಆಧುನಿಕ ಕನ್ನಡ ಬೇರೆ ದಾರಿ ಹಿಡಿಯಿತು. 1943ರಲ್ಲಿ ಡಿ.ವಿ.ಜಿ. ತಮ್ಮ ಕಗ್ಗಕ್ಕೆ ಮಂಕುತಿಮ್ಮನ ಹೆಸರಿಟ್ಟರು. ತಿಳಿದವರೊಬ್ಬರು ವಿನಯದಿಂದ ತೊಟ್ಟ ಹೆಸರು ಅದು. ಈಗ 'ಮಂಕುತಿಮ್ಮ' ಎಂದರೆ ಬಹುತೇಕ ಓದುಗರ ಕಣ್ಣಮುಂದೆ ಬರುವುದು ಒಬ್ಬ ಜ್ಞಾನಿ. ಮಂಕು ಎಂದು ಬೀದಿಯಲ್ಲಿ ಕರೆಸಿಕೊಳ್ಳುವವನಿಗೆ ಆ ಜ್ಞಾನದಲ್ಲಿ ಪಾಲಿಲ್ಲ. ಚಂದ್ರಶೇಖರ ಕಂಬಾರರ 'ಬೆಪ್ಪುತಕ್ಕಡಿ ಬೋಳೇಶಂಕರ' ಇನ್ನೂ ಉದಾರವಾದ ನಾಟಕ. ಅದಕ್ಕೆ ಆಧಾರವಾದ ಟಾಲ್‌ಸ್ಟಾಯ್ ಕಥೆಯಲ್ಲಿ ಪೆದ್ದ ಇವಾನನು ಸೈನಿಕ ಅಣ್ಣನನ್ನೂ ವ್ಯಾಪಾರಿ ಅಣ್ಣನನ್ನೂ ಸೈತಾನನನ್ನೂ ಮೀರಿ ರಾಜನಾಗುತ್ತಾನೆ. ಅವನ ರಾಜ್ಯದಲ್ಲಿ ಒಂದೇ ಕಟ್ಟಳೆ: ಕೈಯಲ್ಲಿ ದಡ್ಡು ಬಿದ್ದವರಿಗೆ ಊಟದ ಮೇಜಿನಲ್ಲಿ ಜಾಗ, ಉಳಿದವರಿಗೆ ಮಿಕ್ಕಿದ್ದು. ಕೈ ಮುಟ್ಟಿ ನೋಡುವವಳು ಇವಾನನ ಮೂಗಿ ತಂಗಿ. ಸೋಮಾರಿ ಸಿರಿವಂತರ ವಿರುದ್ಧ ಇದು ಅದ್ಭುತವಾದ ವ್ಯಂಗ್ಯ. ಆದರೆ ಕೈಯಲ್ಲಿ ದಡ್ಡು ಬೀಳುವಷ್ಟು ಕೆಲಸ ಎಂದೂ ಮಾಡಲಾಗದವರು ಆ ಪಂಕ್ತಿಯಲ್ಲಿ ಎಲ್ಲಿ ಕೂರಬೇಕು? ಪೆದ್ದನನ್ನು ಎತ್ತಿ ಹಿಡಿಯುವ ಕಥೆ ಕೂಡ ಅವನು ದುಡಿಯುತ್ತಾನೆ ಎಂಬ ಕಾರಣಕ್ಕೆ ಎತ್ತಿ ಹಿಡಿಯುತ್ತದೆ.

ಗಿರೀಶ ಕಾರ್ನಾಡರ 'ಹಯವದನ'ದ (1971) ಕೊನೆಯ ಭಾಗದಲ್ಲಿ ಪದ್ಮಿನಿಯ ಮಗ ರಂಗಕ್ಕೆ ಬರುತ್ತಾನೆ. ಐದು ವರ್ಷದ ಹುಡುಗ. ಗೊಂಬೆಗಳನ್ನು ಅವಚಿಕೊಂಡಿದ್ದಾನೆ. ನಗುವುದಿಲ್ಲ, ಅಳುವುದಿಲ್ಲ, ಮಾತಾಡುವುದಿಲ್ಲ. ಈ ನಾಟಕದ ಬಗ್ಗೆ ಬಂದ ವಿಮರ್ಶೆಯ ಬಹುಪಾಲು ತಲೆ ಮತ್ತು ದೇಹ, ಪೂರ್ಣತೆ ಮತ್ತು ಅಪೂರ್ಣತೆಗಳ ಸುತ್ತ ಸುತ್ತುತ್ತದೆ. ಈ ಹುಡುಗನಿಗೆ ಸಿಕ್ಕ ಗಮನ ಕಡಿಮೆ. ಕುದುರೆಯ ಮೋರೆಯವನು ಮನುಷ್ಯರ ದನಿಯಲ್ಲಿ ಹಾಡುವುದನ್ನು ಕಂಡು ಹುಡುಗ ನಗುತ್ತಾನೆ, ಮಾತಾಡುತ್ತಾನೆ, ಆ ನಗುವಿನಿಂದಲೇ ಹಯವದನನೂ ಪೂರ್ತಿ ಕುದುರೆಯಾಗುತ್ತಾನೆ. ಹಯವದನನಿಗೆ ದಕ್ಕುವ ಪೂರ್ಣತೆಯನ್ನು ನಾಟಕ ಗೇಲಿ ಮಾಡುತ್ತದೆ. ಮಗುವಿನ ಮಾತನ್ನು ಮಾತ್ರ ಗೇಲಿಯಿಲ್ಲದೆ ಮಂಗಳವಾಗಿ ಸ್ವೀಕರಿಸುತ್ತದೆ. ಪ್ರೇಕ್ಷಕರಾದ ನಮಗೂ ನಿರಾಳವೆನಿಸುತ್ತದೆ. ಅಪೂರ್ಣತೆಯನ್ನು ಒಪ್ಪಿಕೊಳ್ಳಿ ಎನ್ನುವ ನಾಟಕವೂ ಮಾತಾಡದ ಮಗುವನ್ನು ಹಾಗೇ ಬಿಟ್ಟು ತೆರೆ ಎಳೆಯಲಾರದು. ಇದನ್ನು ಕಾರ್ನಾಡರ ದೋಷವೆಂದು ನಾನು ಹೇಳುತ್ತಿಲ್ಲ. ಮುಕ್ತಾಯ ಎಂಬುದು ಕಥನದ ಹಸಿವು, ಆ ಹಸಿವಿಗೆ ಮಾತಾಡದ ಮಗು ಸುಲಭವಾದ ತುತ್ತು.

ಈ ಹಸಿವು ಸಾಹಿತ್ಯದಲ್ಲಷ್ಟೇ ಇದ್ದಿದ್ದರೆ ವಿಮರ್ಶಕರ ಜಗಳವಾಗಿ ಮುಗಿಯುತ್ತಿತ್ತು. ಸೇವಾ ಸಂಸ್ಥೆಗಳ ವಾರ್ಷಿಕ ವರದಿಗಳನ್ನು, ದೇಣಿಗೆ ಕೋರುವ ಕರಪತ್ರಗಳನ್ನು ಸಾಹಿತ್ಯ ಪ್ರಕಾರವೆಂದು ಓದಿ ನೋಡಿ. ಅಲ್ಲಿ 'ಯಶೋಗಾಥೆ' ಎಂಬ ಅರ್ಧ ಪುಟದ ಕಥೆ ಇದ್ದೇ ಇರುತ್ತದೆ. ಬಂದಾಗ ಕೂರಲೂ ಆಗುತ್ತಿರಲಿಲ್ಲ, ಈಗ ತಾನೇ ಊಟ ಮಾಡುತ್ತಾನೆ. ಬಂದಾಗ ಮಾತಿರಲಿಲ್ಲ, ಈಗ ಪ್ರಾರ್ಥನೆ ಹೇಳುತ್ತಾಳೆ. ಇವು ಸುಳ್ಳಲ್ಲ, ಇವುಗಳ ಹಿಂದಿನ ದುಡಿಮೆಯೂ ಸಣ್ಣದಲ್ಲ. ಆದರೆ ಹಣ ಕೊಡುವವರು ಬದಲಾವಣೆಯನ್ನು ಕೇಳುತ್ತಾರೆ, ಆದ್ದರಿಂದ ಬದಲಾಗುವವರ ಕಥೆ ಬರೆಯಲಾಗುತ್ತದೆ. ಹತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಅದೇ ಮಣಿಗಳನ್ನು ಪೋಣಿಸುತ್ತ ನೆಮ್ಮದಿಯಾಗಿರುವ ಮೂವತ್ತೈದರ ಹೆಂಗಸಿನ ಬಗ್ಗೆ ಯಶೋಗಾಥೆ ಬರೆಯುವುದು ಹೇಗೆ? ಅವಳ ನೆಮ್ಮದಿಯೇ ಆ ಸಂಸ್ಥೆಯ ದೊಡ್ಡ ಸಾಧನೆ ಇರಬಹುದು. ಅದನ್ನು ಹೇಳಲು ಆ ಪ್ರಕಾರದಲ್ಲಿ ವಾಕ್ಯವಿಲ್ಲ. ಕೊಡಗೂಸಿಗೆ ಪವಾಡ ಬೇಕಿತ್ತು, ಬೋಳೇಶಂಕರನ ಬಳಗಕ್ಕೆ ದಡ್ಡು ಬಿದ್ದ ಕೈ ಬೇಕಿತ್ತು, ಕರಪತ್ರಕ್ಕೆ 'ಮೊದಲು' ಮತ್ತು 'ಈಗ' ಎಂಬ ಎರಡು ಫೋಟೋ ಬೇಕು.

ಕಥೆ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಗಡಿಯಾಚೆಯ ಕನ್ನಡ ನೆಲದಲ್ಲೇ ಸಾಕ್ಷಿಯಿದೆ. ಕಾಸರಗೋಡಿನ ಎಣ್ಮಕಜೆ, ಪಡ್ರೆಯ ಸುತ್ತಲಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಮೀರಿ ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸುರಿಯಲಾಯಿತು. ಊರಿನ ವೈದ್ಯರಾದ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ಅಲ್ಲಿನ ಮಕ್ಕಳ ಸ್ಥಿತಿಯನ್ನು ಹೊರಜಗತ್ತಿಗೆ ತಿಳಿಸಿದರು. 2009ರಲ್ಲಿ ಅಂಬಿಕಾಸುತನ್ ಮಾಙಾಡ್ ಅವರ ಮಲಯಾಳಂ ಕಾದಂಬರಿ 'ಎನ್‌ಮಕಜೆ' ಬಂತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಆ ಕೀಟನಾಶಕವನ್ನು ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರ್ಕಾರಕ್ಕೆ ಹೇಳಿತು. ಪಂಚಾಯಿತಿಗಳಲ್ಲಿ ಬಡ್ಸ್ ಶಾಲೆಗಳಾದವು. ಅಲ್ಲಿ ವಿಷವಿತ್ತು, ಹೆಲಿಕಾಪ್ಟರ್ ಇತ್ತು, ಹೊಣೆ ಹೊರಬೇಕಾದವರಿದ್ದರು, ಅಂದರೆ ಕಥಾವಸ್ತುವಿತ್ತು. ಆ ಹೋರಾಟದ ಬೆಲೆಯನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಬಹುಪಾಲು ಮನೆಗಳಲ್ಲಿ ಹೀಗೆ ಬೊಟ್ಟು ಮಾಡಿ ತೋರಿಸಲು ಯಾರೂ ಇರುವುದಿಲ್ಲ. ಕಾಸರಗೋಡಿನಲ್ಲೂ ಪರಿಹಾರದ ಹಣ ಕೈಗೆ ಬಂದ ಮಾರನೆಯ ಬೆಳಿಗ್ಗೆ, ಬೆಳೆದ ಮಗನನ್ನು ಎತ್ತಿ ಬಚ್ಚಲಿಗೆ ಒಯ್ಯುವ ಕೆಲಸ ತಾಯಿಯದೇ.

ನಾನು ಬಾಡಿಗೆಗಿರುವುದು ಮೈಸೂರು ರಸ್ತೆಯ ಪಕ್ಕದ ಬಾಪೂಜಿ ನಗರದಲ್ಲಿ. ಗೋಡೆಗೆ ಗೋಡೆ ತಾಗಿದ ಮನೆಗಳು, ಬೀದಿಗೆ ತೆರೆದ ಬಾಗಿಲುಗಳು. ನಮ್ಮ ಬೀದಿಯಲ್ಲಿ ನಲವತ್ತು ದಾಟಿದ ಒಬ್ಬರಿದ್ದಾರೆ. ಅವರಿಗಿಂತ ಹದಿನೈದು ವರ್ಷ ಚಿಕ್ಕವರೂ ಅವರನ್ನು 'ಪುಟ್ಟ' ಎಂದೇ ಕರೆಯುವುದು. ಬೆಳಿಗ್ಗೆ ನಂದಿನಿ ಬೂತಿಗೆ ಹೋಗಿ ಹಾಲು ತರುವುದು ಅವರ ಕೆಲಸ. ಬೂತಿನವರು ಎರಡು ಪ್ಯಾಕೆಟ್ ಬೇರೆ ಎತ್ತಿಟ್ಟು, ಚಿಲ್ಲರೆಯನ್ನು ಅವರ ಅಂಗಿಯ ಜೇಬಿಗೇ ಹಾಕಿ ಗುಂಡಿ ಮುಚ್ಚುತ್ತಿದ್ದರು. ಇದು ಸಮುದಾಯದ ಬೆಂಬಲವೇ ತಾನೇ? ನಿಜ. ಬೂತು ಬೇರೆಯವರ ಕೈಗೆ ಹೋದ ಮೇಲೆ ಆ ಏರ್ಪಾಡು ನಿಂತುಹೋಯಿತು. ಹೊಸಬರು ಕೆಟ್ಟವರೇನಲ್ಲ, ಅವರಿಗೆ ಹೇಳಿದವರಿರಲಿಲ್ಲ ಅಷ್ಟೆ. ಒಳ್ಳೆಯತನ ಒಬ್ಬರ ಜೊತೆ ಬರುತ್ತದೆ, ಅವರ ಜೊತೆಯೇ ಹೋಗುತ್ತದೆ. ಸೇವೆ ಎಂಬುದು ಆಳು ಬದಲಾದರೂ ಉಳಿಯಬೇಕಾದ ವ್ಯವಸ್ಥೆ. ಈ ವ್ಯತ್ಯಾಸವನ್ನು ನಮ್ಮ ಮಾನವೀಯತೆಯ ಕಥೆಗಳು ಮುಚ್ಚಿಹಾಕುತ್ತವೆ.

ವ್ಯವಸ್ಥೆ ಕಾಗದದ ಮೇಲೆ ಇಲ್ಲದಿಲ್ಲ. ಮಕ್ಕಳ ತಂದೆತಾಯಂದಿರ ಸಂಘಟನೆಗಳ ಒತ್ತಾಯದ ಹಿನ್ನೆಲೆಯಲ್ಲಿ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ ಇರುವವರಿಗಾಗಿಯೇ ಮಾಡಿದ ಕಾನೂನು ಅದು. 18 ತುಂಬಿದವರಿಗೆ ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಸಮಿತಿ, 1 ಲಕ್ಷ ರೂಪಾಯಿವರೆಗಿನ 'ನಿರಾಮಯ' ಆರೋಗ್ಯ ವಿಮೆ, ಹಗಲು ಹೊತ್ತಿನ ಆರೈಕೆಗೆ 'ವಿಕಾಸ್', ಮನೆಯವರಿಗೆ ನಾಲ್ಕು ದಿನ ಬಿಡುವು ಕೊಡಲು 'ಸಮರ್ಥ್', ಬದುಕಿನುದ್ದಕ್ಕೂ ನೆಲೆಯಾಗಲು 'ಘರೌಂದಾ'. ಹೆಸರುಗಳನ್ನು ಓದಿದರೆ ತಾಯಿಯೊಬ್ಬಳ ಚಿಂತೆಯ ಪಟ್ಟಿಯನ್ನು ಯಾರೋ ಕೂತು ಕೇಳಿ ಬರೆದಂತಿದೆ. ಆದರೆ ಈ ಕೇಂದ್ರಗಳು ಸಂಸ್ಥೆಯೊಂದು ಮುಂದೆ ಬಂದು ನಡೆಸಿದಲ್ಲಿ ಮಾತ್ರ ಇರುತ್ತವೆ. ಅಂಗನವಾಡಿಯ ಹಾಗೆ ಬೀದಿ ಬೀದಿಗೆ ಇರಬೇಕಾದ್ದು ಎಂದು ಅವನ್ನು ಯಾರೂ ಎಣಿಸಿಲ್ಲ. 2016ರ ಕಾಯ್ದೆಯೂ ಉಚಿತ ಶಿಕ್ಷಣದ ಹಕ್ಕನ್ನು 6ರಿಂದ 18ರವರೆಗೆ ಕೊಡುತ್ತದೆ. ಹದಿನೆಂಟನೆಯ ಹುಟ್ಟುಹಬ್ಬದ ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲಿಗೆ ಹೋಗಬೇಕು ಎಂಬುದು ಮನೆಯವರ ತಲೆನೋವು.

ಬೆಂಗಳೂರಿನಲ್ಲಿ ಹೆಸರಾದ ಸಂಸ್ಥೆಗಳಿವೆ. ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಎಪಿಡಿ ಲಿಂಗರಾಜಪುರದಲ್ಲಿದೆ, ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂದಿರಾನಗರದಲ್ಲಿದೆ, ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲಿದೆ. ಬಾಪೂಜಿ ನಗರದಿಂದ ಇವೆಲ್ಲ ಊರಿನ ಇನ್ನೊಂದು ಮಗ್ಗುಲು. ದೀಪಾಂಜಲಿ ನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಇಂದಿರಾನಗರಕ್ಕೆ ನೇರ ರೈಲು ಎನ್ನಬಹುದು. ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಕೂಗುವ, ತಾಯಿಗಿಂತ ಎತ್ತರಕ್ಕೆ ಬೆಳೆದ ಮಗನನ್ನು ಮೆಜೆಸ್ಟಿಕ್‌ನ ನೂಕುನುಗ್ಗಲಿನ ನಡುವೆ ದಿನವೂ ಕರೆದೊಯ್ದು ಕರೆತರುವುದನ್ನು ಕಲ್ಪಿಸಿಕೊಂಡರೆ ದೂರ ಎಂದರೇನೆಂದು ಗೊತ್ತಾಗುತ್ತದೆ. ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೆಯ ವಿಧಿ ಸಮುದಾಯದ ನಡುವೆ ಬದುಕುವ ಹಕ್ಕಿನ ಮಾತಾಡುತ್ತದೆ. ಸಮುದಾಯ ಎಂದರೆ ನಡೆದು ಹೋಗುವಷ್ಟು ಹತ್ತಿರದ್ದು ಎಂದು ನಾನು ಓದಿಕೊಳ್ಳುತ್ತೇನೆ.

ಪುಟ್ಟನ ತಾಯಿ ಒಮ್ಮೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತ, "ನೋಡಮ್ಮ, ನಾನು ಹೋಗೋ ಹಿಂದಿನ ದಿನ ಇವನನ್ನ ಕರ್ಕೊಂಡುಬಿಡಪ್ಪ ಅಂತ ದಿನಾ ಗಾಳಿ ಆಂಜನೇಯನ್ನ ಕೇಳ್ಕೊತೀನಿ" ಎಂದರು. ದನಿಯಲ್ಲಿ ಏರಿಳಿತವಿರಲಿಲ್ಲ. ಇಂಥ ಮಕ್ಕಳ ತಂದೆತಾಯಂದಿರ ಜೊತೆ ಒಡನಾಡಿದವರಿಗೆ ಈ ಹರಕೆ ಹೊಸದಲ್ಲ, ಎಲ್ಲ ಊರಿನಲ್ಲೂ ಕೇಳಿಸುತ್ತದೆ. ಇದನ್ನು ತಾಯಿಯ ದುಃಖವೆಂದು ಮಾತ್ರ ಓದಿದರೆ ಸಾಲದು. ತನ್ನ ನಂತರ ಈ ಊರು, ಈ ಸರ್ಕಾರ, ಈ ಬಂಧುಬಳಗ ಏನು ಮಾಡಬಲ್ಲದು ಎಂದು ಲೆಕ್ಕ ಹಾಕಿ ಆಕೆ ಕೊಟ್ಟ ತೀರ್ಪು ಅದು. ನಮ್ಮ ಕಥೆಗಳು ಅವಳ ಹರಕೆಯನ್ನು ಎಷ್ಟು ಸಲೀಸಾಗಿ ನೆರವೇರಿಸುತ್ತವೆ ಎಂಬುದನ್ನು ಗಮನಿಸಬೇಕು. ಲಿಂಗೈಕ್ಯ, ಮಾತು ಬರುವ ಪವಾಡ, ರಾಜ್ಯಾಭಿಷೇಕ. ಯಾವುದಾದರೊಂದು ಬಾಗಿಲಿನಿಂದ ಪಾತ್ರ ಆಚೆ ಹೋಗುತ್ತದೆ, 'ಆಮೇಲೆ' ಎಂಬ ಪ್ರಶ್ನೆ ಓದುಗರ ಹೆಗಲಿಗೆ ಬರುವುದೇ ಇಲ್ಲ.

ಇಲ್ಲಿ ಒಂದು ಆಕ್ಷೇಪ ಸಹಜ. ಸಾಹಿತ್ಯವೇನು ಸಮಾಜ ಕಲ್ಯಾಣ ಇಲಾಖೆಯೇ? ಖಂಡಿತ ಅಲ್ಲ. ಯೋಜನೆಗಳ ಪ್ರಚಾರ ಮಾಡುವ ಕಥೆಗಳು ನನಗೂ ಬೇಡ. ನಾನು ಕೇಳುತ್ತಿರುವುದು ರೂಪದ ಪ್ರಶ್ನೆ. ಜಪಾನಿನ ಕೆಂಜಬುರೊ ಓಯೆ ಅವರಿಗೆ 1963ರಲ್ಲಿ ಮೆದುಳಿನ ತೊಂದರೆಯೊಂದಿಗೆ ಮಗ ಹುಟ್ಟಿದ. ಮರುವರ್ಷ ಬಂದ 'ಎ ಪರ್ಸನಲ್ ಮ್ಯಾಟರ್' ಎಂಬ ಕಾದಂಬರಿ, ಅಂಥ ಮಗುವನ್ನು ಉಳಿಸಿಕೊಳ್ಳುವ ನಿರ್ಧಾರಕ್ಕೆ ಅಪ್ಪ ಬರುವಲ್ಲಿ ಮುಗಿಯುತ್ತದೆ. ಅದೂ ಮುಕ್ತಾಯವೇ, ಒಳ್ಳೆಯ ಮುಕ್ತಾಯ. ಆದರೆ ಓಯೆ ಅಲ್ಲಿಗೆ ನಿಲ್ಲಿಸಲಿಲ್ಲ. ದಶಕಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ಮಗನಂಥ ಪಾತ್ರವನ್ನು ಕರೆದುಕೊಂಡು ಹೋದರು. ಪಾತ್ರಕ್ಕೆ ವಯಸ್ಸಾಯಿತು, ಕೋಪ ಬಂತು, ಮೈ ಬೆಳೆಯಿತು, ಅಪ್ಪನಿಗೆ ಮುಪ್ಪಿನ ಭಯ ಶುರುವಾಯಿತು. ಅವರ ಮಗ ಹಿಕಾರಿ ಮುಂದೆ ಸಂಗೀತ ರಚನಕಾರರಾದದ್ದು ಲೋಕಕ್ಕೆ ಇಷ್ಟವಾದ ಭಾಗ. ನನಗೆ ಮುಖ್ಯವಾಗಿ ಕಾಣುವುದು ಲೇಖಕ ಮತ್ತೆ ಮತ್ತೆ ಅದೇ ಮನೆಗೆ ಮರಳಿದ ರೀತಿ. ಕಥಾವಸ್ತುವಿಲ್ಲದ ಬದುಕಿಗೆ ಮರುಕಳಿಕೆಯೇ ರೂಪವಾಗಬಹುದು ಎಂದು ಅವರು ತೋರಿಸಿದರು.

ಕನ್ನಡಕ್ಕೆ ಇದು ಅಪರಿಚಿತ ರೂಪವೇನಲ್ಲ. ದಿನಚರಿ, ಪ್ರಬಂಧ, ಅಡುಗೆಮನೆಯ ಮಾತುಕತೆ, ಒಂದೇ ಬೀದಿಯನ್ನು ಇಪ್ಪತ್ತು ವರ್ಷ ನೋಡಿದವರ ಬರಹ, ಇವೆಲ್ಲ ನಮ್ಮಲ್ಲಿವೆ. ಇವುಗಳಲ್ಲಿ ಇಂಥ ಬದುಕುಗಳು ಬರಬೇಕು, ಸಾಧ್ಯವಾದಲ್ಲಿ ಅವರದೇ ಮಾತಿನಲ್ಲಿ, ಇಲ್ಲವಾದರೆ ಜೊತೆಗಿರುವವರ ಮಾತಿನಲ್ಲಿ. ಪದಗಳ ಬಗ್ಗೆಯೂ ಅವಸರ ಬೇಡ. ಅಂಗವಿಕಲ ಹೋಗಿ ವಿಕಲಚೇತನ ಬಂದಾಗ ಕುಂದು ಅಂಗದಿಂದ ಚೇತನಕ್ಕೇ ವರ್ಗವಾಯಿತು ಎಂಬುದನ್ನು ನಾವು ಗಮನಿಸಲಿಲ್ಲ. ಬೌದ್ಧಿಕ ವಿಕಲತೆ ಇರುವವರಿಗೆ ಆ ಪದ ಇನ್ನಷ್ಟು ಭಾರ. 'ವಿಶೇಷ ಮಕ್ಕಳು' ಎಂಬ ಮಾತು ಐವತ್ತರ ವಯಸ್ಸಿನವರನ್ನೂ ಮಕ್ಕಳಾಗಿ ಉಳಿಸುತ್ತದೆ. ಮಕ್ಕಳಿಗೆ ಶಾಲೆಯೊಂದಿದ್ದರೆ ಸಾಕು ಎಂದು ಸರ್ಕಾರವೂ ಅದನ್ನೇ ನಂಬಿಕೊಂಡಿದೆ. ಪುಟ್ಟ ಎಂಬ ಅಕ್ಕರೆಯ ಹೆಸರಿನಲ್ಲೂ ಅದೇ ಅಪಾಯವಿದೆ.

ಸಾಹಿತ್ಯದ ವಿದ್ಯಾರ್ಥಿಗಳಾಗಿ ನಾವು ಮಾಡಬಹುದಾದ ಒಂದು ಸಣ್ಣ ಅಭ್ಯಾಸವಿದೆ. ಇಂಥ ಪಾತ್ರವೊಂದು ಎದುರಾದಾಗಲೆಲ್ಲ ಅದು ಯಾವುದರ ಸಂಕೇತ ಎಂದು ಕೇಳುವುದನ್ನು ತುಸು ತಡೆದು, ಅದರ ಮರುದಿನದ ಬಗ್ಗೆ ಕೇಳಬೇಕು. ಇದರ ವಯಸ್ಸೆಷ್ಟು, ಊಟ ಬಡಿಸುವವರು ಯಾರು, ಅವರಿಗೆ ಜ್ವರ ಬಂದರೆ ಯಾರು? ಉತ್ತರವಿಲ್ಲದ ಕೃತಿ ಕೆಟ್ಟ ಕೃತಿಯೆಂದು ಇದರರ್ಥವಲ್ಲ. ಆದರೆ ಈ ಪ್ರಶ್ನೆಗಳನ್ನು ಕೇಳಿಸಿಕೊಂಡ ಓದುಗರು ನಗರ ಪಾಲಿಕೆಯ ವಾರ್ಡಿನಲ್ಲಿ ಹಗಲು ಕೇಂದ್ರವೊಂದರ ಬೇಡಿಕೆ ಬಂದಾಗ ಅದನ್ನು ಕರುಣೆಯ ಮಾತೆಂದು ತಳ್ಳಿಹಾಕುವುದು ಕಷ್ಟ. ಬಾಪೂಜಿ ನಗರದಲ್ಲಿ ಖಾಲಿ ಬಿದ್ದ ಸರ್ಕಾರಿ ಕೋಣೆಯೊಂದಕ್ಕೆ, ಇಬ್ಬರು ತರಬೇತಾದವರಿಗೆ, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗಿನ ಹೊತ್ತಿಗೆ ಕಥೆ ಬೇಕಿಲ್ಲ. ನಾಳೆಯೂ ಬಾಗಿಲು ತೆರೆದಿರುತ್ತದೆ ಎಂಬ ಖಾತ್ರಿ ಬೇಕು.